ಗೇಣಿಗೆ ಸಿಗದ ಹಂದಿ

ಟೆಕ್ಸಾಸ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮೊಮ್ಮಗ ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದ್ದಾಗ ಒಂದು ಪ್ರಶ್ನೆ ಕೇಳಿದ. ಅವನೂ ಅವನ ಜೊತೆ ಕೆಲಸ ಮಾಡುವ ಮೂವರೂ ಸೇರಿ ಅಲ್ಲಿ ಯಾರದೋ ದನದ ಫಾರಂ ಒಂದನ್ನು ವರ್ಷಕ್ಕೆ ಇಷ್ಟು ಎಂದು ದುಡ್ಡು ಕಟ್ಟಿ ಹಿಡಿದಿದ್ದಾರಂತೆ. ಉಳುವುದಕ್ಕಲ್ಲ, ದನ ಮೇಯಿಸುವುದಕ್ಕಲ್ಲ. ಜಿಂಕೆ ಮತ್ತು ಹಂದಿ ಹೊಡೆಯುವುದಕ್ಕೆ. "ಚಿಕ್ಕಪ್ಪ, ನಮ್ಮ ತೋಟಕ್ಕೂ ಹಂದಿ ಕಾಟ ಅಂತೀರಿ. ಬೆಂಗಳೂರಿನಲ್ಲಿ ಲೈಸೆನ್ಸ್ ಇರುವ ಕೋವಿಯವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಸೀಸನ್ನಿಗೆ ಇಷ್ಟು ಅಂತ ಕೊಟ್ಟುಬಿಡಿ. ಹಂದಿಯೂ ಕಡಿಮೆಯಾಗುತ್ತೆ, ದುಡ್ಡೂ ಬರುತ್ತೆ" ಎಂದ. ಹಾಗೆ ಮಾಡಿದರೆ ಅವರ ಜೊತೆ ನಾನೂ ಜೈಲಿಗೆ ಹೋಗುತ್ತೇನೆ ಮಾರಾಯ ಎಂದು ನಕ್ಕು ಮಾತು ಬದಲಿಸಿದೆ.

ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಕಾನೂನಿನ ಮಾತು ಬಿಡಿ, ಅದು 1972ರಿಂದ ಈಚಿನದು. ಅದಕ್ಕೆ ಮುಂಚೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಈ ಗುಡ್ಡಗಳಲ್ಲಿ ಕೋವಿ ಇಲ್ಲದ ತೋಟದ ಮನೆಯೇ ಅಪರೂಪವಾಗಿತ್ತು. ಬೇಟೆ ಇತ್ತು, ಖಾಸಗಿ ಜಮೀನಿತ್ತು, ದುಡ್ಡಿದ್ದ ಸಾಹೇಬರಿದ್ದರು. ಹಾಗಿದ್ದೂ ಬೇಟೆಗೆಂದು ಜಮೀನು ಗುತ್ತಿಗೆಗೆ ಕೊಡುವ ಪದ್ಧತಿ ಇಲ್ಲೇಕೆ ಬೇರೂರಲಿಲ್ಲ?

ಗುತ್ತಿಗೆ ಕೊಡುವುದರಲ್ಲಿ ಮಲೆನಾಡಿನವರು ಹಿಂದೆ ಬಿದ್ದವರೇನಲ್ಲ. ಗದ್ದೆಯನ್ನು ಗೇಣಿಗೆ ಕೊಡುತ್ತಿದ್ದರು, ವಾರಕ್ಕೆ ಕೊಡುತ್ತಿದ್ದರು. ಸಾಲಕ್ಕೆ ಬದಲು ತೋಟವನ್ನು ಭೋಗ್ಯಕ್ಕೆ ಹಾಕುತ್ತಿದ್ದರು. ಅಡಿಕೆ ಫಸಲು ಮರದಲ್ಲಿರುವಾಗಲೇ ಚೇಣಿಗೆ ಹೋಗುತ್ತದೆ. ಕೆರೆಯ ಮೀನು ಹರಾಜಾಗುತ್ತದೆ. ಹೆಂಡ ಸಾರಾಯಿಗೆ ಗುತ್ತಿಗೆದಾರರಿದ್ದರು. ಕಾಡಿನ ಸೀಗೆ, ಅಂಟುವಾಳ, ರಾಮಪತ್ರೆ, ಜೇನನ್ನೂ ಅರಣ್ಯ ಇಲಾಖೆ ಹರಾಜು ಹಾಕಿದೆ. ನಮ್ಮ ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಗೇಣಿಚೀಟಿಗಳಿವೆ. ಗೇಣಿ ಭತ್ತ ಎಷ್ಟು, ಯಾವ ಅಳತೆಯ ಕೊಳಗದಲ್ಲಿ ಅಳೆಯಬೇಕು, ಹುಲ್ಲು ಯಾರಿಗೆ, ಬದುವಿನ ಮೇಲಿನ ಹಲಸಿನ ಹಣ್ಣು ಯಾರಿಗೆ, ಸೊಪ್ಪು ಎಲ್ಲಿಂದ ತರಬೇಕು, ಎಲ್ಲ ಬರೆದಿದೆ. ಒಂದು ಚೀಟಿಯಲ್ಲಂತೂ ಬಾವಿಯ ಹಗ್ಗ ಯಾರು ತರಬೇಕು ಎಂಬುದೂ ಇದೆ. ಹಂದಿ ಬಿದ್ದರೆ ಯಾರಿಗೆ ಎಂಬ ಮಾತು ಒಂದರಲ್ಲೂ ಇಲ್ಲ. ಹಲಸಿನ ಹಣ್ಣಿಗೇ ಕರಾರು ಬರೆದವರು ಹಂದಿಯನ್ನು ಮರೆತುಬಿಟ್ಟರು ಎಂದು ನನಗನ್ನಿಸುವುದಿಲ್ಲ. ಅದು ಜಮೀನಿನ ಲೆಕ್ಕಕ್ಕೆ ಸೇರಿದ್ದಲ್ಲ ಎಂದೇ ಅವರು ತಿಳಿದಿದ್ದರು.

ಇದಕ್ಕೆ ಬಹಳ ಹಳೆಯ ಸಾಕ್ಷಿ ಬೇಕೆಂದರೆ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಅಂಗಡಿ ಎಂಬ ಊರು ಹಿಂದಿನ ಸೊಸೆವೂರು, ಶಶಕಪುರ. ವಾಸಂತಿಕಾ ದೇವಿಯ ಗುಡಿಯ ಬಳಿ ಹುಲಿ ಬಂದಾಗ ಜೈನ ಮುನಿ ಸುದತ್ತರು "ಹೊಯ್ ಸಳ" ಎಂದರು, ಸಳ ಹೊಡೆದ, ಅಲ್ಲಿಂದ ಹೊಯ್ಸಳ ವಂಶ. ಸಳ ಎಂಬವನು ನಿಜಕ್ಕೂ ಇದ್ದನೋ ಇಲ್ಲವೋ ಎಂದು ಇತಿಹಾಸಕಾರರು ಬೇಕಾದಷ್ಟು ವಾದಿಸಿದ್ದಾರೆ. 12ನೇ ಶತಮಾನದ ಶಾಸನಗಳಿಂದ ಈ ಕತೆ ಕಾಣಿಸಿಕೊಳ್ಳುತ್ತದೆ. ನನಗೆ ಕುತೂಹಲವಿರುವುದು ಬೇರೆ ಕಡೆ. ಯುರೋಪಿನ ಅರಸರ ಬೇಟೆಯ ಕತೆಗಳಲ್ಲಿ ಅರಸನ ಕಾಡು, ಅರಸನ ಜಿಂಕೆ, ಅದನ್ನು ಕದ್ದು ಹೊಡೆದ ಬಡವ, ಅವನಿಗೆ ಶಿಕ್ಷೆ, ಇವೆಲ್ಲ ಬರುತ್ತವೆ. ನಮ್ಮಲ್ಲಿ ರಾಜವಂಶವೇ ಹುಲಿ ಹೊಡೆದ ಸಾಮಾನ್ಯನಿಂದ ಶುರುವಾಗುತ್ತದೆ. ಹುಲಿ ಯಾರ ಜಮೀನಿನಲ್ಲಿತ್ತು ಎಂದು ಕತೆ ಕೇಳುವುದೇ ಇಲ್ಲ. ಮುಂದೆ ಅದೇ ವಂಶದವರು 'ಮಲೆಪರೊಳ್ ಗಂಡ' ಎಂದು ಬಿರುದು ಹಾಕಿಕೊಂಡು ಮಲೆಯ ಪಾಳೆಯಗಾರರನ್ನೆಲ್ಲ ಬಗ್ಗಿಸಿದ್ದು ಬೇರೆ ಕತೆ.

ಇನ್ನು ಊರಿನ ಶಿಕಾರಿಯ ವಿಚಾರ. ಈಗ ಎಂಬತ್ತು ದಾಟಿದವರ ಬಾಯಲ್ಲಿ ಅದರ ಕ್ರಮ ಇನ್ನೂ ಉಳಿದಿದೆ. ಕುವೆಂಪು ಕಾದಂಬರಿಗಳನ್ನು ಓದಿದವರಿಗೆ ಈ ಮಾತುಗಳು ಹೊಸವಲ್ಲ. ಹಳುವನ್ನು ಒಂದು ಕಡೆಯಿಂದ ನುಗ್ಗಿ ಗಲಾಟೆ ಮಾಡುತ್ತಾ ಮಿಕವನ್ನು ಎಬ್ಬಿಸುವುದು ಸೋವು. ಅದು ಓಡಿಬರುವ ದಾರಿಗಳಲ್ಲಿ ಕೋವಿಯವರು ನಿಲ್ಲುವ ಜಾಗ ಬಿಲ್ಲು. ಕೋವಿ ಬಂದು ತಲೆಮಾರುಗಳು ಕಳೆದರೂ ಜಾಗದ ಹೆಸರು ಬಿಲ್ಲು ಎಂದೇ ಉಳಿಯಿತು. ಹಣ್ಣು ಬೀಳುವ ಮರದ ಹತ್ತಿರವೋ ನೀರಿನ ಹತ್ತಿರವೋ ರಾತ್ರಿ ಸದ್ದಿಲ್ಲದೆ ಕಾದು ಕೂರುವುದು ಮರಸು. ಕೋವಿಗಳಲ್ಲೂ ಜಾತಿಗಳಿದ್ದವು. ನಳಿಗೆಯ ಬಾಯಿಂದ ಮದ್ದು ಜಡಿದು ತುಂಬುವ ಕೇಪಿನ ಕೋವಿ ಬಡವನದು, ತೋಟಾ ಕೋವಿ ಉಳ್ಳವನದು, ಅದರಲ್ಲೂ ಜೋಡುನಳಿಗೆಯದಾದರೆ ಊರೇ ತಿರುಗಿ ನೋಡುತ್ತಿತ್ತು.

ಸೋವಿಗೆ ಹೊರಟರೆ ನಾಲ್ಕೈದು ಮನೆಯ ತೋಟ, ಎರಡು ಊರಿನ ಹಾಡ್ಯ, ನಡುವಿನ ಸರ್ಕಾರಿ ಕಾಡು ಎಲ್ಲ ದಾಟಿ ಹೋಗಬೇಕು. ಹಂದಿಗೆ ಸರ್ವೆ ನಂಬರು ಗೊತ್ತಿಲ್ಲ. ಆದ್ದರಿಂದ ಪಾಲು ಹಾಕುವಾಗ ಎಕರೆಯ ಲೆಕ್ಕ ಬರುತ್ತಿರಲಿಲ್ಲ. ಮೊದಲ ಈಡು ತಾಗಿಸಿದವನಿಗೆ ವಿಶೇಷ ಪಾಲು, ಸೋವಿಗೆ ಬಂದವರಿಗೆಲ್ಲ ಒಂದೊಂದು, ನಾಯಿಗೂ ಒಂದು. ನಾಯಿಯ ಪಾಲು ಅದರ ಒಡೆಯನ ಮನೆಗೆ ಹೋಗುತ್ತಿತ್ತೆನ್ನಿ. ಒಳ್ಳೆಯ ಹಂದಿನಾಯಿ ಸಾಕಿದ ಆಳುಮನುಷ್ಯನಿಗೆ ಒಂದಿಂಚು ಜಮೀನಿಲ್ಲದಿದ್ದರೂ ಶಿಕಾರಿಯ ದಿನ ಅವನನ್ನು ಬಿಟ್ಟು ಯಾರೂ ಹೊರಡುತ್ತಿರಲಿಲ್ಲ.

ಇದನ್ನೆಲ್ಲ ಸಮಾನತೆಯ ಸ್ವರ್ಗ ಎಂದು ಹೇಳಲು ನನಗೆ ಮನಸ್ಸಿಲ್ಲ. ಬಿಲ್ಲಿಗೆ ನಿಲ್ಲುವವರು ಗೌಡರು, ಹೆಗ್ಗಡೆಗಳು. ಮುಳ್ಳು ನುಗ್ಗಿ ಸೋಯುವವರು ಅವರ ಮನೆಯ ಆಳುಗಳು. ಗಾಯವಾದ ಹಂದಿ ತಿರುಗಿ ಬಿದ್ದಾಗ ಅದರ ಕೋರೆಗೆ ಸಿಗುತ್ತಿದ್ದುದು ಯಾರ ತೊಡೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪಾಲಿನಲ್ಲಿ ಅವರಿಗೆ ಹಕ್ಕಿತ್ತು, ಅಪಾಯದಲ್ಲಿ ಮಾತ್ರ ದೊಡ್ಡ ಪಾಲೇ ಅವರದಾಗಿತ್ತು.

ಹಾಗಾದರೆ ಬಿಳಿಯ ಪ್ಲಾಂಟರುಗಳು ಬಂದ ಮೇಲೆ ಏನಾಯಿತು? ಬಾಬಾಬುಡನ್‌ಗಿರಿಯ ದಕ್ಷಿಣದ ಗುಡ್ಡಗಳಲ್ಲಿ 1840ರ ಸುಮಾರಿಗೆ ಕ್ಯಾನನ್ ಎಂಬವರು ತೋಟ ಮಾಡಿದರು ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಅಲ್ಲಿಂದ ಮುಂದೆ ಒಬ್ಬರ ಹಿಂದೊಬ್ಬರು ಬಂದರು. ಅವರಲ್ಲಿ ಬರೆಯುವ ಚಟ ಇದ್ದವನು ರಾಬರ್ಟ್ ಎಲಿಯಟ್. ಮೂಡಿಗೆರೆಗೆ ಅಂಟಿಕೊಂಡಂತಿರುವ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ, ತೋಟ ಮಾಡಿದ. 38 ವರ್ಷಗಳ ಅನುಭವವನ್ನು 1894ರಲ್ಲಿ ಪುಸ್ತಕ ಮಾಡಿದ. ಅದರ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಸೇರಿವೆ. ಬೇಟೆಯದು ಕಾಫಿಗಿಂತ ಮೊದಲು! ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಿಂದ ಹಿಡಿದು ಬೆಳ್ಳಿ ನಾಣ್ಯದ ಬೆಲೆಯವರೆಗೆ ಎಲ್ಲದರ ಮೇಲೂ ಅವನಿಗೆ ಅಭಿಪ್ರಾಯವಿತ್ತು. ಹುಲಿ, ಕರಡಿ, ಚಿರತೆಗಳ ಅಧ್ಯಾಯಗಳನ್ನು ಓದುತ್ತಿದ್ದರೆ ಅವನ ಬೇಟೆ ಊರಿನವರನ್ನು ನೆಚ್ಚಿಕೊಂಡೇ ನಡೆಯುತ್ತಿತ್ತು ಎಂಬುದು ಗೊತ್ತಾಗುತ್ತದೆ. ದನ ಹೊಡೆದ ಹುಲಿಯ ಸುದ್ದಿ ತರುವವರು ಅವರು, ಜಾಡು ಹಿಡಿಯುವವರು ಅವರು.

ಎಲಿಯಟ್ ಮುಂದೆ ಸ್ಕಾಟ್ಲೆಂಡಿನ ಗಡಿಯ ಕ್ಲಿಫ್ಟನ್ ಪಾರ್ಕ್‌ನಲ್ಲಿ ಹುಲ್ಲು ಬೇಸಾಯದ ಪ್ರಯೋಗ ಮಾಡಿ ಹೆಸರಾದ. ಅವನ ಆ ಸ್ಕಾಟ್ಲೆಂಡಿನಲ್ಲಿ ಆ ಹೊತ್ತಿಗೆ ಬೇಟೆಯ ಗುತ್ತಿಗೆ ದೊಡ್ಡ ವ್ಯವಹಾರವಾಗಿತ್ತು. ಅಲ್ಲಿಯ ಕಾನೂನಿನಲ್ಲಿ ಬದುಕಿರುವ ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ, ಆದರೆ ಅದನ್ನು ಹೊಡೆಯುವ ಹಕ್ಕು ನೆಲದ ಒಡೆಯನದು. ಒಡೆಯ ಆ ಹಕ್ಕನ್ನು ಬಾಡಿಗೆಗೆ ಕೊಡಬಹುದು. ರೈಲು ಬಂದ ಮೇಲೆ ಲಂಡನ್ನಿನ ಹಣವಂತರು ಆಗಸ್ಟ್ 12ರಿಂದ ಗ್ರೌಸ್ ಹಕ್ಕಿ ಹೊಡೆಯಲು ಅಲ್ಲಿಗೆ ದೌಡಾಯಿಸುತ್ತಿದ್ದರು. ರಾಣಿ ವಿಕ್ಟೋರಿಯಾಳ ಬಾಲ್ಮೋರಲ್ ಕೂಡ ಮೊದಲು ಗುತ್ತಿಗೆಗೇ ಸಿಕ್ಕಿದ್ದು, 1848ರಲ್ಲಿ, ಕೊಂಡುಕೊಂಡದ್ದು 1852ರಲ್ಲಿ.

ಅಂಥ ನಾಡಿನಿಂದ ಬಂದವರು ಇಲ್ಲಿ ಕಾಫಿ ಎಸ್ಟೇಟು ತಂದರು, ಕ್ಲಬ್ಬು ತಂದರು, ಹುಲಿಚರ್ಮದ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವುದನ್ನು ತಂದರು. ಬೇಟೆಯ ಗುತ್ತಿಗೆ ಮಾತ್ರ ಬೇರು ಬಿಡಲಿಲ್ಲ. ಕಾರಣ ಸರಳ. ತೋಟದ ಬೇಲಿಯಾಚೆಗೆ ಸರ್ಕಾರದ ಕಾಡು ಮೈಲಿಗಟ್ಟಲೆ ಬಿದ್ದಿತ್ತು, ಊರಿನವರು ಯಾರೂ ತಡೆಯುತ್ತಿರಲಿಲ್ಲ. ಪುಕ್ಕಟೆ ಸಿಗುವುದಕ್ಕೆ ಯಾರು ಬಾಡಿಗೆ ಕಟ್ಟುತ್ತಾರೆ? ಬಾಡಿಗೆಗೆ ಮುಂಚೆ ಒಂದು ಕೊರತೆ ಬೇಕು, ಒಂದು ಬೇಲಿ ಬೇಕು, ಆ ಬೇಲಿ ದಾಟಿದವನನ್ನು ಹಿಡಿದುಕೊಡುವ ಪೊಲೀಸು ಬೇಕು.

ಯುರೋಪಿನಲ್ಲಿ ಇವು ಮೂರೂ ಇದ್ದವು. ಅಲ್ಲಿ ಬೇಟೆ ಶತಮಾನಗಳ ಕಾಲ ಪ್ರಭುಗಳ ಹಕ್ಕು. ರೈತನ ಹೊಲದಲ್ಲಿ ಪ್ರಭುವಿನ ಹಂದಿ ಗೋಧಿ ತಿಂದರೂ ರೈತ ಕಲ್ಲೆತ್ತುವಂತಿರಲಿಲ್ಲ. ಫ್ರಾನ್ಸಿನ ಕ್ರಾಂತಿಯಲ್ಲಿ 1789ರ ಆಗಸ್ಟ್ 4ರ ರಾತ್ರಿ ರದ್ದಾದ ಹಕ್ಕುಗಳ ಪಟ್ಟಿಯಲ್ಲಿ ಈ ಬೇಟೆಯ ಹಕ್ಕೂ ಇತ್ತು. ಜರ್ಮನರು 1848ರ ಕ್ರಾಂತಿಯಲ್ಲಿ ಅದನ್ನು ಕಿತ್ತು ನೆಲದ ಒಡೆಯನಿಗೆ ಕೊಟ್ಟರು. ಕೊಟ್ಟ ಕೂಡಲೇ ತುಂಡು ಹಿಡುವಳಿಯ ಪ್ರತಿಯೊಬ್ಬ ರೈತನೂ ಕೋವಿ ಹಿಡಿದು ನಿಂತ. ಆಮೇಲೆ ಒಂದು ಉಪಾಯ ಮಾಡಿದರು. ಇಂದಿನ ಜರ್ಮನ್ ಕಾನೂನಿನ ಪ್ರಕಾರ 75 ಹೆಕ್ಟೇರ್, ಅಂದರೆ ಸುಮಾರು 185 ಎಕರೆ, ಒಂದೇ ಕಡೆ ಇದ್ದವನಿಗೆ ಮಾತ್ರ ಸ್ವಂತ ಬೇಟೆಯ ವಲಯ. ಉಳಿದ ಸಣ್ಣವರೆಲ್ಲ ಕಡ್ಡಾಯವಾಗಿ ಒಂದು ಸಂಘಕ್ಕೆ ಸೇರಬೇಕು. ಸಂಘ ಎಲ್ಲರ ಜಮೀನನ್ನೂ ಒಟ್ಟುಗೂಡಿಸಿ ಬೇಟೆಗಾರನಿಗೆ ವರ್ಷಗಳ ಕಾಲ ಗುತ್ತಿಗೆ ಕೊಡುತ್ತದೆ, ಬಂದ ಹಣವನ್ನು ಎಕರೆಯ ಲೆಕ್ಕದಲ್ಲಿ ಹಂಚುತ್ತದೆ. ಹಂದಿ ಯಾರದಾದರೂ ಬೆಳೆ ತಿಂದರೆ ಆ ನಷ್ಟ ತುಂಬಿಕೊಡುವ ಹೊಣೆ ಸಂಘದ್ದು, ಸಾಮಾನ್ಯವಾಗಿ ಕರಾರಿನ ಮೂಲಕ ಗುತ್ತಿಗೆದಾರನದು. ಟೆಕ್ಸಾಸ್‌ನ ಹುಡುಗ ನನಗೆ ಹೇಳಿದ್ದು ಸಂಪಾದನೆಯ ಮಾತು. ಜರ್ಮನಿಯ ಈ ಕೊನೆಯ ಕಲಮು ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿತು. ಹೊಡೆಯುವ ಹಕ್ಕು ಯಾರದೋ, ತಿಂದದ್ದಕ್ಕೆ ದಂಡ ಕಟ್ಟುವ ಹೊಣೆಯೂ ಅವರದೇ.

ಮೈಸೂರು ಹಿಡಿದ ದಾರಿ ಬೇರೆ. ನೀಲಗಿರಿಯಲ್ಲಿ ಬಿಳಿಯರು 1877ರಲ್ಲೇ ಬೇಟೆಯ ಸಂಘ ಕಟ್ಟಿ, 1879ರಲ್ಲಿ ಬೇಟೆ ಮತ್ತು ಮೀನಿನ ಸಂರಕ್ಷಣೆಗೆ ಕಾಯಿದೆ ಮಾಡಿಸಿಕೊಂಡಿದ್ದರು. ಮೈಸೂರು ಸಂಸ್ಥಾನದಲ್ಲಿ ಅಂಥದ್ದೇ ರೆಗ್ಯುಲೇಷನ್ ಬಂದದ್ದು 1901ರಲ್ಲಿ. ಅಂದಿನಿಂದ ಬೇಟೆಗೆ ಸರ್ಕಾರದ ಲೈಸೆನ್ಸು, ಬೇಟೆ ನಿಷೇಧದ ತಿಂಗಳುಗಳು, ಕಾದಿಟ್ಟ ಕಾಡುಗಳು ಎಂಬ ಮಾತು ಶುರುವಾಯಿತು. ದುಡ್ಡು ಕಟ್ಟುವುದು ಬಂತು, ಆದರೆ ಕಟ್ಟುವುದು ಜಮೀನಿನ ಒಡೆಯನಿಗಲ್ಲ, ಸರ್ಕಾರಕ್ಕೆ. ಈ ಒಂದು ತಿರುವಿನಲ್ಲೇ ಮುಂದಿನ ನೂರು ವರ್ಷಗಳ ಕತೆ ಅಡಗಿತ್ತು ಎಂದು ನನ್ನ ಭಾವನೆ. ಇಂಗ್ಲೆಂಡಿನಲ್ಲಿ ಭೂಮಾಲೀಕನ ಕೈಗೆ ಹೋದ ಹಕ್ಕು ಇಲ್ಲಿ ಊರಿನ ಕೈಯಿಂದ ನೇರವಾಗಿ ಸರ್ಕಾರದ ಕೈಗೆ ಹೋಯಿತು.

ಪಕ್ಕದ ಕೊಡಗಿನಲ್ಲಿ ಅರ್ಧ ಬೇರೆ ಕತೆ. ಅಲ್ಲಿ 1861ರಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಲೂ ಇದೆ. ಕೈಲ್ ಪೋದ್ ಹಬ್ಬದಲ್ಲಿ ಕೋವಿಗೆ ಪೂಜೆಯಾಗುತ್ತದೆ. ಹಾಗೆಂದು ಕೋವಿಯ ವಿನಾಯಿತಿ ಬೇಟೆಯ ವಿನಾಯಿತಿಯಲ್ಲ. ಹೊರಗಿನವರು ಇವೆರಡನ್ನೂ ಗೊಂದಲ ಮಾಡಿಕೊಳ್ಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮೂಡಿಗೆರೆಯವರಿಗೆ ಆ ವಿನಾಯಿತಿಯೂ ಇಲ್ಲ. ನಮ್ಮದು 1959ರ ಆಯುಧ ಕಾಯಿದೆಯಡಿ ಬರುವ ಬೆಳೆ ರಕ್ಷಣೆಯ ಲೈಸೆನ್ಸು.

ಸ್ವಾತಂತ್ರ್ಯದ ಆಸುಪಾಸಿನ ನಲವತ್ತು ವರ್ಷ ಈ ಜಿಲ್ಲೆಯ ಶಿಕಾರಿಯ ಸುಗ್ಗಿಕಾಲ. ಆಗಿನ್ನೂ 1947ರವರೆಗೆ ಇದರ ಹೆಸರು ಕಡೂರು ಜಿಲ್ಲೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ಬೀರೂರಿನ ಕಡೆಯ ಎಮ್ಮೆದೊಡ್ಡಿಯ ನರಭಕ್ಷಕನ ಬೆನ್ನು ಹತ್ತಿ ಬಂದದ್ದು ಇಲ್ಲಿಗೇ. ಎಮ್ಮೆದೊಡ್ಡಿ ಅಮೃತಮಹಲ್ ದನಗಳ ಕಾವಲು, ಸರ್ಕಾರದ ಹುಲ್ಲುಗಾವಲು. ಜೀಪು ಬಂತು, ಅದರ ಹಿಂದೆ ರಾತ್ರಿಯ ಸರ್ಚ್‌ಲೈಟ್ ಬಂತು. ನಡೆದು, ಸೋಯ್ದು, ಕಾದು ಹೊಡೆಯುತ್ತಿದ್ದವರ ಜಾಗಕ್ಕೆ ರಸ್ತೆಯಲ್ಲೇ ಕೂತು ಹೊಳೆಯುವ ಕಣ್ಣಿಗೆ ಗುಂಡಿಡುವವರು ಬಂದರು. ಊರಿನ ಪಾಲಿನ ಲೆಕ್ಕ ಮುರಿದದ್ದು ಆಗಲೇ. ಜೀಪಿನಲ್ಲಿ ಬಂದವನು ಜೀಪಿನಲ್ಲೇ ಮಾಂಸ ಹಾಕಿಕೊಂಡು ಹೋದ. ನಾಯಿಗೆ ಪಾಲಿಲ್ಲ, ಊರಿಗೂ ಪಾಲಿಲ್ಲ.

ಆ ಕಾಲದ ಕೊನೆಯ ತುದಿಯಲ್ಲಿ ಮೂಡಿಗೆರೆಗೆ ಬಂದು ತೋಟ ಮಾಡಿದವರು ಪೂರ್ಣಚಂದ್ರ ತೇಜಸ್ವಿ. ಕೋವಿ ಹಿಡಿದು ಕಾಡು ಸುತ್ತಿದವರು, ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ದಿನಗಟ್ಟಲೆ ಕೂತವರು, ಆಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದವರು. ಆಂಡರ್ಸನ್ ಕತೆಗಳನ್ನು ಕನ್ನಡಕ್ಕೆ ತಂದು ಒಂದು ತಲೆಮಾರಿನ ಹುಡುಗರಿಗೆ ಹುಚ್ಚು ಹಿಡಿಸಿದರು. ನನಗೆ ಮಾತ್ರ ಅವರ ಪುಸ್ತಕಗಳಲ್ಲಿ ಹುಲಿಗಿಂತ ಹೆಚ್ಚು ಇಷ್ಟವಾಗುವುದು 1991ರ 'ಪರಿಸರದ ಕತೆ'ಯ ಆಳುಗಳು, ನಾಯಿ, ಮೀನು ಹಿಡಿಯುವವರು. ಅವರೆಲ್ಲ ಕಾಡನ್ನು ತಿಳಿದದ್ದು ಒಡೆತನದಿಂದಲ್ಲ, ಓಡಾಟದಿಂದ. ಘಟ್ಟದ ಕೆಳಗೆ ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಕೂಡ ಇಂಥದೇ ಕಾರಣಕ್ಕೆ ಓದಿಸಿಕೊಳ್ಳುತ್ತದೆ.

ಬಾಗಿಲು ಒಂದೊಂದಾಗಿ ಮುಚ್ಚಿತು. 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಯಿತು. 1974ರಲ್ಲಿ ಲಕ್ಕವಳ್ಳಿಯ ಕಾಡೂ ಸೇರಿ ಅದೇ ಭದ್ರಾ ಆಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಕಳಸದ ಮೇಲಿನ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹುಲಿ ಬೇಟೆ ದೇಶದಾದ್ಯಂತ ನಿಂತದ್ದು 1970ರಲ್ಲಿ. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆ ಪೂರ್ತಿ ನಿಂತಿತು ಎಂದು ಎಲ್ಲರೂ ಹೇಳುವುದುಂಟು, ಅದು ಅರ್ಧ ಸತ್ಯ. ಮೂಲ ಕಾಯಿದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬಗೆಬಗೆಯ ಲೈಸೆನ್ಸುಗಳಿದ್ದವು. ಅವನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿ. ಅಲ್ಲಿಂದೀಚೆಗೆ ಮುಖ್ಯವಾಗಿ ಉಳಿದದ್ದು ಎರಡು ಸಂದು. ಪ್ರಾಣ ಉಳಿಸಿಕೊಳ್ಳಲು ಹೊಡೆಯುವುದು ಒಂದು. ಬೆಳೆಗೆ ಅಥವಾ ಜನರಿಗೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಅಧಿಕಾರಿ ಲಿಖಿತ ಅನುಮತಿ ಕೊಡುವುದು ಇನ್ನೊಂದು. ಹಾಗೆ ಕೊಂದರೂ ಹೆಣ ನಿಮ್ಮದಲ್ಲ. 39ನೇ ಕಲಮಿನ ಪ್ರಕಾರ ಅದು ಸರ್ಕಾರದ ಸ್ವತ್ತು. ಅಲ್ಲಿಗೆ 1901ರಲ್ಲಿ ಹೊರಟ ಬಂಡಿ ಊರು ತಲುಪಿತು.

ಒಂದು ತಮಾಷೆ ನೋಡಿ. 1974ರಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಬಂದು ಗೇಣಿಗೆ ಕೊಟ್ಟ ಗದ್ದೆಗಳೆಲ್ಲ ಉಳುವವನ ಹೆಸರಿಗೆ ಹೋದವು, ಇನ್ನು ಮುಂದೆ ಗೇಣಿಗೆ ಕೊಡುವುದೇ ಅಪರಾಧವಾಯಿತು. ಆದರೆ ಕಾಫಿ, ಏಲಕ್ಕಿ, ಮೆಣಸು, ಚಹಾ, ರಬ್ಬರಿನ ಪ್ಲಾಂಟೇಶನ್‌ಗಳಿಗೆ ಆ ಕಾಯಿದೆಯ ಬಹುಪಾಲು ಅನ್ವಯಿಸುವುದಿಲ್ಲ. ಹೀಗೆ ಎರಡೇ ವರ್ಷದ ಅಂತರದಲ್ಲಿ ಒಂದೇ ತೋಟದ ಗೌಡನಿಗೆ ಎರಡು ಪಾಠವಾಯಿತು. ಕೆಳಗಿನ ಗದ್ದೆಯನ್ನು ಗುತ್ತಿಗೆ ಕೊಡುವಂತಿಲ್ಲ, ಮೇಲಿನ ಕಾಫಿಯನ್ನು ಕೊಡಬಹುದು. ಆ ಕಾಫಿಯೊಳಗೆ ಓಡಾಡುವ ಹಂದಿಯನ್ನು ಮಾತ್ರ ಕೊಡುವಂತಿಲ್ಲ, ಏಕೆಂದರೆ ಅದು ಎಂದೂ ಅವನದಾಗಿರಲಿಲ್ಲ. ಮೈಸೂರಿನ ಕಾನೂನು ಮತ್ತು ನಮ್ಮಜ್ಜನ ಗೇಣಿಚೀಟಿ ಈ ಒಂದು ವಿಷಯದಲ್ಲಿ ಒಪ್ಪುತ್ತವೆ.

ಜರ್ಮನಿಯ ಪದ್ಧತಿ ಇಲ್ಲಿ ತಂದರೆ ಹೇಗೆ ಎಂದು ಕೇಳುವವರಿದ್ದಾರೆ. ಬೆಳೆಗಾರರ ಸಭೆಗಳಲ್ಲಿ ಈ ಮಾತು ಬೇರೆ ಬೇರೆ ವೇಷದಲ್ಲಿ ಬಂದೇ ಬರುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಜರ್ಮನಿಯ 75 ಹೆಕ್ಟೇರಿನ ಗೆರೆ ಎಳೆದರೆ ಸ್ವಂತ ಹಕ್ಕು ಸಿಗುವುದು ಬೆರಳೆಣಿಕೆಯ ಎಸ್ಟೇಟುಗಳಿಗೆ. ಅದೂ ಅಲ್ಲದೆ ನಮ್ಮ ತೋಟಗಳು ಜನ ಇರುವ ಜಾಗ. ಬೆಳಿಗ್ಗೆ ಏಳೂವರೆಗೆ ಆಳುಗಳು ಒಳಗಿರುತ್ತಾರೆ. ಹಣ್ಣು ಕುಯ್ಯುವ ಕಾಲದಲ್ಲಿ ಗಿಡದ ಬುಡದಲ್ಲಿ ಬಗ್ಗಿ ಉದುರು ಹೆಕ್ಕುವವರು ಹತ್ತು ಮಾರು ದೂರದಿಂದಲೇ ಕಾಣುವುದಿಲ್ಲ. ಹಂದಿ ಎಂದು ತಿಳಿದು ಮನುಷ್ಯನಿಗೆ ಈಡು ಹೊಡೆದ ಸುದ್ದಿ ಮಲೆನಾಡಿನಲ್ಲಿ ಹಳೆಯದೂ ಅಲ್ಲ, ಅಪರೂಪವೂ ಅಲ್ಲ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ಗುತ್ತಿಗೆದಾರನಿಗೆ ಯಾವ ಗಿಡದ ಹಿಂದೆ ಯಾರಿದ್ದಾರೆ ಎಂದು ಹೇಗೆ ಗೊತ್ತಾಗಬೇಕು?

ಹಾಗೆಂದು ಈಗಿನ ಸ್ಥಿತಿ ಸರಿ ಇದೆ ಎಂದಲ್ಲ. ಕೋವಿಯ ಸದ್ದು ಕಡಿಮೆಯಾದಲ್ಲಿ ಸದ್ದಿಲ್ಲದ ಉರುಳು ಬಂದಿದೆ. ಬ್ರೇಕಿನ ತಂತಿಯ ಉರುಳು ಹಂದಿ, ನಾಯಿ, ಚಿರತೆ ಎಂದು ನೋಡುವುದಿಲ್ಲ. ಬೇಲಿಗೆ ಕರೆಂಟು ಕೊಡುವವರಿದ್ದಾರೆ, ಅದಕ್ಕೆ ಆನೆಗಳೂ ಮನುಷ್ಯರೂ ಬಲಿಯಾಗಿದ್ದಾರೆ. ಮೂಡಿಗೆರೆ ಸುತ್ತ ಆನೆ ತುಳಿದು ಸತ್ತ ಕೂಲಿಯವರ ಸುದ್ದಿ ಪ್ರತಿವರ್ಷ ಓದುತ್ತೇವೆ. ಚುನಾವಣೆ ಘೋಷಣೆಯಾದ ಕೂಡಲೇ ಬೆಳೆ ರಕ್ಷಣೆಯ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಲೆಕ್ಕ ಹಾಕಿದರೆ ನಮ್ಮ ಕೋವಿ ನಮ್ಮ ಮನೆಯಲ್ಲಿದ್ದುದಕ್ಕಿಂತ ಠಾಣೆಯ ಕೋಣೆಯಲ್ಲಿದ್ದ ತಿಂಗಳುಗಳೇ ಹೆಚ್ಚೇನೋ. ಮನೆಗೆ ಬಂದಾಗಲೂ ಗಾಳಿಗೆ ಒಂದು ಈಡು ಹಾರಿಸಿ ಹೆದರಿಸುವುದಕ್ಕಷ್ಟೇ ಅದರ ಉಪಯೋಗ. ಆ ಸದ್ದಿಗೆ ಹಂದಿಗಳು ಈಗ ತಲೆ ಎತ್ತಿ ನೋಡುತ್ತವೆ, ಓಡುವುದಿಲ್ಲ.

ಭದ್ರಾದ ಒಳಗಿದ್ದ ಊರುಗಳ ಜನ 2001ರ ಸುಮಾರಿಗೆ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಬಂದು ನೆಲೆಸಿದರು. ಜಮೀನಿಗೆ ಜಮೀನು, ರಸ್ತೆ, ಶಾಲೆ ಸಿಕ್ಕಿತು ಎಂದು ಒಪ್ಪಿ ಬಂದವರು ಅವರು. ದೇಶದಲ್ಲಿ ಇಂಥ ಸ್ಥಳಾಂತರಗಳ ನಡುವೆ ಇದನ್ನು ಉತ್ತಮ ಉದಾಹರಣೆ ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಅಲ್ಲಿ ಸರ್ಕಾರ ಹಂದಿಯ ಒಡೆಯನಾಗಿ ನೆಲದ ಬೆಲೆಯನ್ನೂ ಕೊಟ್ಟಿತು. ಕಾಡಿನ ಅಂಚಿನಲ್ಲಿ ಉಳಿದವರಿಗೆ ಬೆಳೆನಷ್ಟದ ಪರಿಹಾರವಿದೆ. ಅರ್ಜಿ ಕೊಡಬೇಕು, ಫೋಟೋ ಇಡಬೇಕು, ಪಹಣಿ ಲಗತ್ತಿಸಬೇಕು.

ಈ ಪಹಣಿಯಲ್ಲಿ ಎಲ್ಲ ತೊಡಕೂ ಕೂತಿದೆ. ನಮ್ಮ ತೋಟದ ಮೇಲ್ಭಾಗದಲ್ಲಿ ಒಬ್ಬರಿದ್ದಾರೆ. ಅವರ ತಂದೆ ಸೋವಿನಲ್ಲಿ ಹೆಸರಾದವರು, ಹಂದಿನಾಯಿ ಸಾಕಿದವರು. ಮೂರು ಎಕರೆ ಕಾಫಿ ಇದೆ, ಅಷ್ಟೂ ಸರ್ಕಾರಿ ಜಾಗದ ಒತ್ತುವರಿ, ನಲವತ್ತು ವರ್ಷದ ಹಿಂದಿನದು. ನನ್ನ ಗಿಡ ಹಂದಿ ಮಗುಚಿದರೆ ನಾನು ಪಹಣಿ ಇಟ್ಟು ಅರ್ಜಿ ಕೊಡುತ್ತೇನೆ, ತಡವಾಗಿಯಾದರೂ ಒಂದಿಷ್ಟು ಬರುತ್ತದೆ. ಅದೇ ರಾತ್ರಿ ಅದೇ ಹಂದಿ ಅವರ ಬಾಳೆ ಮಗುಚಿದರೆ ಅವರು ಅರ್ಜಿ ಬರೆಯುವ ಹಾಗೇ ಇಲ್ಲ. ಹಂದಿ ಸರ್ಕಾರದ್ದು, ಜಾಗವೂ ಸರ್ಕಾರದ್ದು, ಬಾಳೆ ಮಾತ್ರ ಅವರದು.

ಒತ್ತುವರಿಯಾದ ಪ್ಲಾಂಟೇಶನ್ ಜಾಗವನ್ನು 25 ಎಕರೆವರೆಗೆ 30 ವರ್ಷಕ್ಕೆ ಗುತ್ತಿಗೆ ಕೊಡಲು ಸರ್ಕಾರ ಈಚೆಗೆ ಭೂಕಂದಾಯ ಕಾಯಿದೆಗೆ ತಿದ್ದುಪಡಿ ಮಾಡಿದೆ. ಇವರೂ ಅರ್ಜಿ ಹಾಕಿದ್ದಾರೆ. ನಾನೇ ಬರೆದುಕೊಟ್ಟೆ. ಬೆಳೆಯ ಹೆಸರು, ಒತ್ತುವರಿಯಾದ ವರ್ಷ, ಚೆಕ್ಕುಬಂದಿ ಎಲ್ಲ ತುಂಬಿದ ಮೇಲೆ ಅವರು ಕೇಳಿದರು: "ಅಣ್ಣ, ಗುತ್ತಿಗೆ ಕಾಗದ ಕೈಗೆ ಬಂದ್ರೆ ಹಂದಿ ತಿಂದಿದ್ದಕ್ಕೆ ಅರ್ಜಿ ಹಾಕಬಹುದಾ?" ತಾಲ್ಲೂಕು ಕಚೇರಿಯಲ್ಲಿ ಕೇಳಿದೆ. ಅರಣ್ಯ ಇಲಾಖೆಯವರನ್ನು ಕೇಳಿ ಎಂದರು. ಅರಣ್ಯ ಇಲಾಖೆಯವರು, ಮೊದಲು ಗುತ್ತಿಗೆ ಆಗಲಿ ನೋಡೋಣ ಎಂದರು. ಅವರು ಈಗ ಬಾಳೆ ಬಿಟ್ಟು ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಮೆಣಸನ್ನು ಹಂದಿ ಮುಟ್ಟುವುದಿಲ್ಲ.